ಡಿಸ್ಕರ್ಸಿವ್ ಅಂದ್ರ ಅಸಂಬದ್ಧ ಅಲ್ರೀ!

ಇವತ್ತು ಇಂಗ್ಲಿಷಿನ ಒಂದು ವಿಶೇಷಣದ ನೆಪದಲ್ಲಿ ಜಗಳ ತೆಗೆಯುವವನಿದ್ದೇನೆ. ಶಬ್ದ 'ಡಿಸ್ಕರ್ಸಿವ್'. ಜಗಳ ಶಬ್ದದ ಜೊತೆ ಅಲ್ಲ, ಪಾಪ ಅದೇನು ಮಾಡೀತು? ಅದನ್ನು ಕನ್ನಡಕ್ಕೆ ತರುವಾಗ ಕಣ್ಣು ಮುಚ್ಚಿ 'ಅಸಂಬದ್ಧ' ಅಂತ ಬರೆದು ಕೈ ತೊಳೆದುಕೊಳ್ಳುತ್ತಾರಲ್ಲ, ಅವರ ಜೊತೆ. ಸ್ವಲ್ಪ ದಯೆ ಇದ್ದವರು 'ವಿಷಯಾಂತರ ಮಾಡುವ' ಅಂತಾರೆ. ಇನ್ನೂ ಸಿಟ್ಟಿನವರು 'ಅಡ್ಡಾದಿಡ್ಡಿ' ಅಂತಾರೆ. ಅದೇ ಶಬ್ದಕ್ಕೆ 'ಒಂದರಿಂದ ಒಂದಕ್ಕೆ ತರ್ಕ ಹಿಡಿದು ನಡೆಯುವ' ಅನ್ನುವ ಇನ್ನೊಂದು ಅರ್ಥ ಇದೆ, ಮೊದಲಿನದಕ್ಕೆ ಪೂರಾ ಉಲ್ಟಾ ಅನ್ನಿಸುವಂಥದ್ದು. ಅದರ ಸುದ್ದಿಗೇ ಯಾರೂ ಹೋಗುವುದಿಲ್ಲ.

"ಒಂದು ಶಬ್ದಕ್ಕೆ ಇಷ್ಟು ಗದ್ದಲ ಯಾಕಪ್ಪಾ, ನಿಘಂಟು ತೆಗೆದು ನೋಡಿದರೆ ಆಯ್ತು" ಅನ್ನುವವರು ಇದ್ದೀರಿ, ಗೊತ್ತು. ಈ ಒಂದು ಶಬ್ದದ ಕೆಟ್ಟ ಅನುವಾದದಿಂದ ನಮ್ಮ ಮಾಮಾ ಒಬ್ಬರು ಒಂದು ಇಡೀ ಬಾವಿ ಕಳಕೊಳ್ಳುವುದರಲ್ಲಿದ್ದರು. ಆ ಕಥೆ ಹೇಳ್ತೀನಿ, ಸ್ವಲ್ಪ ತಡೀರಿ. ಮೊದಲು ಶಬ್ದದ ಜಾತಕ ನೋಡಿಬಿಡೋಣ.

ಮೂಲ ಲ್ಯಾಟಿನ್. 'ಡಿಸ್' ಅಂದರೆ ಬೇರೆ ಬೇರೆ ದಿಕ್ಕಿಗೆ, 'ಕುರ್ರೆರೆ' ಅಂದರೆ ಓಡು. ಎರಡೂ ಸೇರಿದರೆ ಅತ್ತ ಇತ್ತ ಓಡಾಡು. ಅಷ್ಟೇ, ಇದರಲ್ಲಿ ಯಾವ ತತ್ತ್ವಜ್ಞಾನವೂ ಇಲ್ಲ. ಕುರಿ ಹಿಂಡಿನ ಸುತ್ತ ನಾಯಿ ಓಡಾಡುತ್ತದಲ್ಲ, ಹಾಗೆ. ಆಮೇಲೆ ಮಧ್ಯಯುಗದ ಯುರೋಪಿನ ಪಂಡಿತರ ಕೈಗೆ ಈ ಓಟ ಸಿಕ್ಕಿತು. ಮನುಷ್ಯನ ಬುದ್ಧಿ ಒಂದು ಕಡೆ ಕೂತು ಎಲ್ಲವನ್ನೂ ಒಮ್ಮೆಗೇ ನೋಡಲಾರದು. ಗೊತ್ತಿದ್ದ ಒಂದು ಸಂಗತಿಯಿಂದ ಗೊತ್ತಿಲ್ಲದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಬೇಕು. ಹೀಗೆ ಓಡುವುದೇ ತರ್ಕ ಅಂದರು ಅವರು. ಹೊಗೆ ಕಂಡು ಬೆಂಕಿಗೆ ಹೋಗುವ ನಮ್ಮ ನ್ಯಾಯಶಾಸ್ತ್ರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಒಂದು ಹೆಜ್ಜೆ ಮುಂದೆ ಹೋಗಿ, ದೇವದೂತರಿಗೆ ಈ ಓಟದ ಗರಜಿಲ್ಲ, ಅವರು ಕಾರಣದಲ್ಲೇ ಕಾರ್ಯವನ್ನು ಒಟ್ಟಿಗೆ ಕಂಡುಬಿಡುತ್ತಾರೆ, ಓಡಬೇಕಾದದ್ದು ನಮ್ಮಂಥ ಮಣ್ಣಿನ ಮಕ್ಕಳು ಅಂದ.

ಇದೇ ಮಾತು ಇಂಗ್ಲಿಷ್ ಕಾವ್ಯಕ್ಕೂ ಬಂತು. 1667ರಲ್ಲಿ ಅಚ್ಚಾದ ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್'ನ ಐದನೇ ಭಾಗದಲ್ಲಿ ರಾಫೆಲ್ ಅನ್ನುವ ದೇವದೂತ ಆದಮನಿಗೆ ಪಾಠ ಹೇಳುತ್ತಾನೆ. ಬುದ್ಧಿಗೆ ಎರಡು ಬಗೆ, ಡಿಸ್ಕರ್ಸಿವ್ ಒಂದು, ಥಟ್ಟನೆ ಕಾಣುವ ಇಂಟ್ಯೂಟಿವ್ ಇನ್ನೊಂದು. ಮೊದಲನೆಯದು ಹೆಚ್ಚಾಗಿ ನಿಮ್ಮದು, ಎರಡನೆಯದು ಹೆಚ್ಚಾಗಿ ನಮ್ಮದು. ಆದರೆ ವ್ಯತ್ಯಾಸ ಪ್ರಮಾಣದಲ್ಲಿ, ಜಾತಿಯಲ್ಲಿ ಅಲ್ಲ ಅನ್ನುತ್ತಾನೆ. ಅಂದರೆ ಮಿಲ್ಟನ್ ಪ್ರಕಾರ ಡಿಸ್ಕರ್ಸಿವ್ ಆಗಿರುವುದು ಅಂದರೆ ಮನುಷ್ಯನಾಗಿರುವುದು! ಮುಂದೆ 1781ರಲ್ಲಿ ಕಾಂಟ್ ಕೂಡ ಮನುಷ್ಯನ ತಿಳಿವಳಿಕೆ ಡಿಸ್ಕರ್ಸಿವ್, ಅದು ಪರಿಕಲ್ಪನೆಗಳ ಮೂಲಕವೇ ನಡೆಯಬೇಕು ಅಂದ.

ಹಂಗಾದರೆ 'ಅಲೆದಾಡುವ' ಅನ್ನುವ ಅರ್ಥ ತಪ್ಪೇ? ತಪ್ಪಲ್ಲ. ಅದೂ ಅಷ್ಟೇ ಹಳೆಯದು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಎರಡನ್ನೂ ಒಂದರ ಕೆಳಗೆ ಒಂದು ಇಟ್ಟ: ಅತ್ತಿತ್ತ ತಿರುಗುವುದು ಒಂದು, ಆಧಾರದಿಂದ ತೀರ್ಮಾನಕ್ಕೆ ಕ್ರಮವಾಗಿ ನಡೆಯುವುದು ಇನ್ನೊಂದು. ಒಂದೇ ಓಟ. ದೂರ ನಿಂತು ನೋಡಿದವನಿಗೆ ಅಲೆದಾಟದ ಹಾಗೆ ಕಾಣುತ್ತದೆ, ಜೊತೆಗೆ ಓಡಿದವನಿಗೆ ದಾರಿ ಕಾಣುತ್ತದೆ.

ಇದೇ ಓಟದ ಮನೆತನದ ಉಳಿದ ಮಕ್ಕಳನ್ನೂ ನೀವು ದಿನಾ ನೋಡ್ತೀರಿ. ಕರೆಂಟು, ಕೋರ್ಸು, ಕೊರಿಯರ್, ಕರೆನ್ಸಿ, ಶಾಲೆಯ ಕರಿಕ್ಯುಲಮ್ಮು... ನಾನು ಇದನ್ನು ಟೈಪ್ ಮಾಡುವಾಗ ಮುಂದೆ ಮುಂದೆ ಮಿಟುಕುತ್ತಾ ಓಡುತ್ತಿರುವ ಕರ್ಸರ್ ಕೂಡ ಅದೇ ಮನೆಯದು. ಆದರೆ 'ಡೆಸಲ್ಟರಿ' ಅಂತ ಇನ್ನೊಂದು ಶಬ್ದ ಇದೆ ನೋಡಿ, ಅದು ಈ ಮನೆಯದಲ್ಲ. ರೋಮಿನ ಸರ್ಕಸ್ಸಿನಲ್ಲಿ ಓಡುವ ಒಂದು ಕುದುರೆಯಿಂದ ಇನ್ನೊಂದು ಕುದುರೆಗೆ ಜಿಗಿಯುವ ಸವಾರನಿಗೆ 'ಡೆಸಲ್ಟರ್' ಅಂತಿದ್ದರಂತೆ, ಅದು ಅಲ್ಲಿಂದ ಬಂದದ್ದು. ಸಂಬಂಧ ಇಲ್ಲದೆ ಜಿಗಿಯುವವನಿಗೆ ಇಂಗ್ಲಿಷಿನವರು ಬೇರೆ ಶಬ್ದ ಇಟ್ಟುಕೊಂಡಿದ್ದಾರೆ. ಇಂಗ್ಲಿಷ್ ಮಾತಾಡುವವರೇ ಎಷ್ಟೋ ಸಲ ಎರಡನ್ನೂ ಕಲಸಿಬಿಡುತ್ತಾರೆ, ಒಪ್ಪಿಕೊಳ್ಳೋಣ. ಆದರೂ ಓಡುವವನ ಕಾಲು ನಡುವಿನ ನೆಲವನ್ನು ಮುಟ್ಟುತ್ತಲೇ ಇರುತ್ತದೆ. ಜಿಗಿಯುವವನದು ಹಾಗಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕನ್ನಡಕ್ಕೆ ಬನ್ನಿ. "ಈ ಎರಡು ಅರ್ಥ ಒಟ್ಟಿಗೆ ಹೊರುವ ಶಬ್ದ ಕನ್ನಡದಲ್ಲಿ ಇಲ್ಲ, ಅದಕ್ಕೇ ಯಾವುದೋ ಒಂದನ್ನು ಆರಿಸಬೇಕಾಗುತ್ತದೆ" ಅಂತ ಒಬ್ಬ ಅನುವಾದಕರು ನನ್ನೆದುರೇ ಹೇಳಿದರು. ಇಲ್ಲ?! ಸ್ವಾಮಿ, 'ವಿಚಾರ' ಅಂದರೆ ಏನು? 'ವಿ' ಅಂದರೆ ಬೇರೆ ಬೇರೆ ಕಡೆಗೆ, 'ಚರ' ಅಂದರೆ ಚಲಿಸು, ತಿರುಗಾಡು. ಲ್ಯಾಟಿನ್ನಿನ 'ಡಿಸ್' ಪಕ್ಕಕ್ಕೆ 'ವಿ' ಇಡಿ, 'ಕುರ್ರೆರೆ' ಪಕ್ಕಕ್ಕೆ 'ಚರ' ಇಡಿ. ಅವಳಿ ಮಕ್ಕಳ ಹಾಗೆ ಕಾಣ್ತಾವೋ ಇಲ್ಲೋ? ವಿಚರಿಸು ಅಂದರೆ ಅಲೆದಾಡು. ಅದಕ್ಕೊಂದು ದೀರ್ಘ ಎಳೆದರೆ ವಿಚಾರಿಸು, ಅಂದರೆ ಕೇಳಿ ತಿಳಿ, ಯೋಚಿಸು, ತೂಗಿ ನೋಡು. ಇಂಗ್ಲಿಷಿನವರು ಹೆಮ್ಮೆಯಿಂದ ತೋರಿಸುವ ಈ ಎರಡು ಮುಖದ ನಾಣ್ಯ ನಮ್ಮ ಇಂಡಿಯ ಸಂತೆಯಲ್ಲಿ ಲಿಂಬಿಹಣ್ಣು ಮಾರುವವರ ಬಾಯಲ್ಲೂ ಇದೆ. "ಇಚಾರ ಮಾಡಿ ಹೇಳ್ತೀನ್ರಿ" ಅಂತಾರಲ್ಲ ಅವರು, ಅದರೊಳಗೆ ಅದೇ ತಿರುಗಾಟ, ಅದೇ ತರ್ಕ.

"ಅದು ಸಂಸ್ಕೃತ, ಅಚ್ಚಗನ್ನಡ ಕೊಡಿ" ಅನ್ನುವ ಗೆಳೆಯರೂ ಇದ್ದಾರೆ, ಅವರನ್ನು ಬಿಟ್ಟರೆ ಬೇಜಾರು ಮಾಡಿಕೊಳ್ತಾರೆ. ತಗೊಳ್ಳಿ: ತಲೆ ಓಡಿಸು. ಬುದ್ಧಿ ಓಡಿಸು. "ಅಂವನ ತಲಿ ಓಡೂದುಲ್ಲ" ಅಂದರೆ ಅವನಿಗೆ ಯೋಚನೆ ಮಾಡಲು ಬರುವುದಿಲ್ಲ ಅಂತ. ಓಟವೇ ಯೋಚನೆ ಅಂತ ಅಕ್ವಿನಾಸ್‌ನ ಹೆಸರೂ ಕೇಳದ ಹಳ್ಳಿಯ ಮಂದಿ ದಿನಾ ಹೇಳ್ತಾರೆ. ಇನ್ನು ಹಳಗನ್ನಡದ 'ಪರಿ' ನಮ್ಮ ಇವತ್ತಿನ 'ಹರಿ'. ಅದಕ್ಕೆ ಓಡು ಅಂತಲೂ ಅರ್ಥ, ನೀರು ಹರಿಯುವುದು ಅಂತಲೂ ಅರ್ಥ. ಮಾತು ಎಲ್ಲೆಲ್ಲಿಗೋ ಹರಿಯಿತು ಅಂತೀವಿ, ಲಕ್ಷ್ಯ ಹರಿಸು ಅಂತಲೂ ಅಂತೀವಿ. ಮೊದಲನೆಯದು ಅಲೆದಾಟ, ಎರಡನೆಯದು ಬುದ್ಧಿಯ ಕೆಲಸ. ಶಬ್ದ ಇಲ್ಲ ಅನ್ನುವವರ ಹತ್ತಿರ ಇಲ್ಲದಿರುವುದು ಶಬ್ದ ಅಲ್ಲ ಬಿಡಿ.

ಈಗ ಮಾಮಾನ ಬಾವಿ.

ಆಗಿನ ಬಸವನಬಾಗೇವಾಡಿ ತಾಲೂಕಿನಲ್ಲಿ, ಕೃಷ್ಣಾ ದಂಡೆಯ ಮೇಲೆ ಅವರ ಊರು. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ನಾಡಿಗೆ ಅರ್ಪಿಸಿದ್ದು ನಿಮಗೆ ಗೊತ್ತಿರುವುದೇ. ಈ ಎರಡು ಇಸವಿಗಳ ನಡುವೆ ಎಷ್ಟು ಮಂದಿ ಎಷ್ಟು ಕಚೇರಿಗಳ ಮುಂದೆ ನಿಂತು ಎಷ್ಟು ಜಬಾನಿ ಕೊಟ್ಟರು ಅನ್ನುವುದು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಮಾಮಾನ ಹೊಲ ಮುಳುಗಡೆಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಉತಾರದಲ್ಲಿ ಆ ಹೊಲ ಒಣಬೇಸಾಯ ಅಂತಲೇ ಇತ್ತು, ಬಾವಿಯ ನಮೂದೇ ಇಲ್ಲ. ಅದು ಸಾಲದು ಅಂತ ತೀರಿಹೋದ ಅವರ ಅಣ್ಣನ ಮಗ, ಬಾವಿಯಲ್ಲಿ ನನಗೂ ಅರ್ಧ ಪಾಲು ಅಂತ ಅರ್ಜಿ ಹಾಕಿದ್ದ. ಕಚೇರಿಯವರು (ಯಾವ ಕಚೇರಿ ಅಂತ ಬರೆಯುವುದಿಲ್ಲ, ಬೇಡ) ಎರಡೇ ಪ್ರಶ್ನೆ ಕೇಳಿದರು. ಬಾವಿ ಯಾವಾಗ ತೆಗೆಸಿದ್ದು? ಯಾರದು?

ಮಾಮಾ ಹೇಳಿದ್ದು ಹೀಗೆ, ನಾನು ಪಕ್ಕದಲ್ಲೇ ಇದ್ದೆ:

"ಎಪ್ಪತ್ತೆರಡರ ಬರಾ ಬಿತ್ತಲ್ರಿ ಸಾಹೇಬ್ರ, ಆವಾಗ ನಾವು ಅಣ್ಣತಮ್ಮರು ಬರಗಾಲದ ಕಾಮಗಾರಿ ಮ್ಯಾಲ ಖಡಿ ಒಡಿಯಾಕ ಹೋಗಿದ್ವಿ. ಅಲ್ಲಿ ಸುರಂಗ ಹೊಡಿಯಾಂವ ಒಬ್ಬ ದೋಸ್ತ ಆದ, ಭಾಳ ಛಲೋ ಮನಶಾ. ಮುಂದಿನ ಬ್ಯಾಸಗ್ಯಾಗ ಅಂವನ್ನ ಊರಿಗಿ ಕರಕೊಂಡ ಬಂದೆ. ಅವ್ವ ಗಂಗವ್ವಗ ಉಡಿ ತುಂಬಿದ್ಳು ನೋಡ್ರಿ, ಅಕಿ ಕಡೀ ಪೂಜಿ ಅದು. ಆ ಮಳಿಗಾಲದಾಗ ಹ್ವಾದ್ಳು. ಅಕಿ ದಿನಾ ಮುಗದ ಮ್ಯಾಲ ಅಣ್ಣ ನಾ ಬ್ಯಾರಿ ಆದ್ವಿ. ನಮ್ಮ ಎತ್ತು ಎಂಥಾವು ಅಂತೀರಿ, ಊರಾಗ ಅಂಥಾ ಜೋಡಿ ಇದ್ದಿಲ್ಲ. ಅಣ್ಣಗ ಬಿಟಗೊಟ್ಟೆ. ಅಂವ ಜಾತ್ರ್ಯಾಗ ಮಾರಿಬಿಟ್ಟ, ನಾ ಎರಡು ದಿನಾ ಉಂಡಿಲ್ಲ..."

ಇಷ್ಟರಲ್ಲಿ ಸಾಹೇಬರು ಕೈ ಮುಂದೆ ಮಾಡಿ "ಪಾಯಿಂಟಿಗೆ ಬಾರಪ್ಪಾ" ಅಂದರು. ಮಾಮಾ ಸುಮ್ಮನಾದರು. ಅವರ ಲೆಕ್ಕದಲ್ಲಿ ಪಾಯಿಂಟು ಮುಗಿದಿತ್ತು!

ಟಿಪ್ಪಣಿ ಬರೆದದ್ದು ಇಂಗ್ಲಿಷಿನಲ್ಲಿ. ಹೇಳಿಕೆ 'ಡಿಸ್ಕರ್ಸಿವ್' ಆಗಿದೆ ಅಂತ. ನಮಗೆ ಕೊಟ್ಟ ಕನ್ನಡ ಪ್ರತಿಯಲ್ಲಿ ಅದು 'ಅರ್ಜಿದಾರರ ಹೇಳಿಕೆ ಅಸಂಬದ್ಧವಾಗಿದ್ದು ಪರಿಗಣಿಸಲು ಯೋಗ್ಯವಿಲ್ಲ' ಅಂತ ಆಗಿ ಬಂತು. ಪರಿಗಣಿಸಲು ಯೋಗ್ಯವಿಲ್ಲ ಅನ್ನುವುದು ಮೂಲದಲ್ಲಿ ಇತ್ತೋ, ಅಸಂಬದ್ಧ ಅಂದಮೇಲೆ ತಾನಾಗಿ ಅಂಟಿಕೊಂಡಿತೋ, ಆ ಪುಣ್ಯಾತ್ಮ ಅನುವಾದಕನೇ ಬಲ್ಲ.

ಈಗ ನೀವೇ ನೋಡಿ. ಮಾಮಾನ ಮಾತಿನಲ್ಲಿ ಎಲ್ಲಿ ಸಂಬಂಧ ತಪ್ಪಿದೆ? ಬಾವಿ ಯಾವಾಗ? ಬರ 1972ರದು, ಅದರ ಮುಂದಿನ ಬೇಸಿಗೆ ಅಂದರೆ 1973. ಮುಳುಗಡೆ ನೋಟಿಸಿಗಿಂತ ಇಪ್ಪತ್ತು ವರ್ಷ ಮೊದಲು. ಖಡಿ ಒಡೆಯುವ ಕಾಮಗಾರಿ ಯಾಕೆ ಬಂತು? ಸುರಂಗ ಹೊಡೆಯುವವನ ಪರಿಚಯ ಅಲ್ಲಿ ಆದದ್ದರಿಂದ. ಬರಕ್ಕೂ ಬಾವಿಗೂ ಕೊಂಡಿ ಅವನೇ. ಅವ್ವನ ಪೂಜೆ ಯಾಕೆ ಬಂತು? ನೀರು ಬಿದ್ದಾಗ ಅವ್ವ ಇದ್ದಳು, ಅಂದರೆ ಅಣ್ಣತಮ್ಮಂದಿರು ಆಗ ಕೂಡಿಯೇ ಇದ್ದರು ಅನ್ನುವುದಕ್ಕೆ. ಹಾಗಿದ್ದರೆ ಬಾವಿ ಇಬ್ಬರದೂ ಆಗಬೇಕಲ್ಲ? ಅದಕ್ಕೇ ಎತ್ತು! ವಾಟಣಿಯಲ್ಲಿ ಬಾವಿ ಇದ್ದ ಹೊಲ ಮಾಮಾಗೆ ಬಂತು, ಅದಕ್ಕೆ ಬದಲಾಗಿ ಊರಲ್ಲೇ ಹೆಸರಾದ ಎತ್ತಿನ ಜೋಡಿ ಅಣ್ಣನಿಗೆ ಹೋಯಿತು. ಅಣ್ಣ ಅವನ್ನು ಮಾರಿಕೊಂಡ, ಅಂದರೆ ತನ್ನ ಪಾಲಿನ ಬೆಲೆ ತಗೊಂಡ. ಬಾವಿ ಪೂರಾ ಮಾಮಾನದು. ಎರಡು ಪ್ರಶ್ನೆಗೂ ಉತ್ತರ ಬಂದುಹೋಗಿದೆ. ಎರಡು ದಿನ ಊಟ ಬಿಟ್ಟದ್ದು ಮಾತ್ರ ಹೆಚ್ಚಿನದು, ಅದನ್ನು ಬೇಕಾದರೆ ತೆಗೆದುಹಾಕಿ. ನಾನಂತೂ ತೆಗೆಯಲಾರೆ, ಅಷ್ಟು ಸಂಕಟಪಟ್ಟು ಕೊಟ್ಟದ್ದು ಬಿಟ್ಟಿ ದಾನ ಆಗಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಮುಂದೆ ವಿಷಯ ಸಿವಿಲ್ ಕೋರ್ಟಿಗೆ ಹೋಯಿತು. ಅಲ್ಲಿ ವಕೀಲರು ಮಾಡಿದ್ದು ಇಷ್ಟೇ: ಇದೇ ಬರ, ಇದೇ ಖಡಿ, ಇದೇ ಅವ್ವ, ಇದೇ ಎತ್ತು, ಇವನ್ನೇ ನಂಬರು ಹಾಕಿ ಒಂದು ಹಾಳೆಯಲ್ಲಿ ಜೋಡಿಸಿದರು. ಜಾತ್ರೆಯಲ್ಲಿ ಎತ್ತು ಮಾರಿದ ಪಾವತಿ ಅಣ್ಣನ ಮನೆಯ ಟ್ರಂಕಿನಲ್ಲೇ ಸಿಕ್ಕಿತು. ಬಾವಿ ಲೆಕ್ಕಕ್ಕೆ ಬಂತು, ಪೂರಾ ಮಾಮಾನ ಹೆಸರಿಗೇ. ಆದರೆ ಎಂಟು ವರ್ಷ ಹಿಡಿಯಿತು. ಒಂದು ವಿಶೇಷಣಕ್ಕೆ ಎಂಟು ವರ್ಷ!

ನಮ್ಮ ನಾಲ್ಕೂ ತಾಲೂಕಿನವರಿಗೆ, ಅಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯವರಿಗೆ (ಈಗ ಇವನ್ನು ಒಡೆದು ಚಡಚಣ, ದೇವರಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಅಂತ ಹೊಸ ತಾಲೂಕು ಮಾಡಿದ್ದಾರೆ, ಮಾತಿನ ರೀತಿ ಮಾತ್ರ ಒಡೆದಿಲ್ಲ) 'ಮಾತು ಉದ್ದ, ವಿಷಯ ಗಿಡ್ಡ' ಅನ್ನುವ ಹಣೆಪಟ್ಟಿ ಬಹಳ ದಿನದ್ದು. ಬೆಂಗಳೂರಿನ ಗೆಳೆಯರು ನಗುನಗುತ್ತಲೇ ಅಂಟಿಸುತ್ತಾರೆ. "ನೀವು ಬಿಜಾಪುರದೋರು ಟೈಮ್ ಕೇಳಿದ್ರೆ ಗಡಿಯಾರದ ಕಥೆ ಹೇಳ್ತೀರಾ" ಅಂತ. ಹೌದು ಹೇಳ್ತೀವಿ. ಗಡಿಯಾರ ಹಿಂದೆ ಬಿದ್ದಿದ್ದರೆ ಟೈಮು ಹೆಂಗ ನಂಬ್ತೀರಿ?

ಹುಟ್ಟಿದ ದಿನಾಂಕ ಬರೆದಿಡದ, ಬಾವಿ ತೆಗೆದ ದಿನಾಂಕ ಕಾಗದದಲ್ಲಿ ಇಲ್ಲದ ಊರಿನಲ್ಲಿ ಇಸವಿ ಅನ್ನುವುದು ಘಟನೆಗಳ ಸರಪಳಿಯಿಂದಲೇ ಬರಬೇಕು. ಡೋಣಿ ಹೊಳೆ ಬಂದ ವರ್ಷ, ಪ್ಲೇಗು ಬಂದ ವರ್ಷ, ಕಿರಿ ಮಗಳು ಹಾಲು ಬಿಟ್ಟ ವರ್ಷ. ಕೇಳುವವನಿಗೆ ಇದು ಪುರಾಣ. ಹೇಳುವವನಿಗೆ ಇದೇ ದಾಖಲೆ, ಇದೇ ತರ್ಕ, ಇದೇ ಕ್ಯಾಲೆಂಡರು. ಡೋಣಿಯ ಹೆಸರು ಬಂತು ನೋಡಿ, ಅದರಷ್ಟು ಡಿಸ್ಕರ್ಸಿವ್ ಹೊಳೆ ಇನ್ನೊಂದಿಲ್ಲ. ಜತ್ ಕಡೆಯಿಂದ ಬಂದು ಕರಿಮಣ್ಣಿನಲ್ಲಿ ಹಾವಿನ ಹಾಗೆ ಸುತ್ತಿ ಸುತ್ತಿ, ತಾಳಿಕೋಟಿ ಮುಟ್ಟಿ, ಕೃಷ್ಣೆಗೆ ಸೇರುತ್ತದೆ. ಹೊಳೆ ತುಂಬಿದಾಗ ಕಾಟ ಕೊಡುವುದೂ ಹೌದು. ಆದರೆ ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಹುಟ್ಟಿದ್ದು ಅದು ಸುತ್ತಿ ಬಳಸಿ ಬಿಟ್ಟುಹೋಗುವ ಮಣ್ಣಿನ ಮೇಲೆಯೇ.

(ಮಧ್ಯೆ ಒಂದು ಮಾತು. 1565ರ ಯುದ್ಧಕ್ಕೆ ತಾಳಿಕೋಟಿ ಕದನ ಅಂತಲೂ ಹೆಸರು, ರಕ್ಕಸಗಿ-ತಂಗಡಗಿ ಕದನ ಅಂತಲೂ ಹೆಸರು. ಆ ಎರಡು ಹಳ್ಳಿ ಇರುವುದು ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ಹತ್ತಿರ. ತಾಳಿಕೋಟಿ ದೂರ, ಡೋಣಿಯ ಮೇಲೆ. ಹೆಸರು ಅತ್ತಿತ್ತ ಓಡಾಡಿದ ಮಾತ್ರಕ್ಕೆ ಯುದ್ಧ ಅಸಂಬದ್ಧ ಆಗಲಿಲ್ಲವಲ್ಲ!)

ಹರದೇಶಿ-ನಾಗೇಶಿ ಗೀಗೀ ಪದ ಕೇಳಿದ್ದೀರಾ? ಕೇಳಿಲ್ಲದಿದ್ದರೆ ನಮ್ಮ ಕಡೆ ಜಾತ್ರೆಗೆ ಬನ್ನಿ. ದಪ್ಪು, ತುಂತುಣಿ, ತಾಳ ಹಿಡಿದು ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರದು ಗಂಡು ಹೆಚ್ಚು ಅನ್ನುವ ಪಕ್ಷ, ನಾಗೇಶಿಯವರದು ಹೆಣ್ಣು ಹೆಚ್ಚು ಅನ್ನುವ ಪಕ್ಷ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ನಡುವೆ ಪುರಾಣ ಬರುತ್ತದೆ, ಊರಿನ ಸುದ್ದಿ ಬರುತ್ತದೆ, ಅತ್ತೆ ಸೊಸೆ ಜಗಳ ಬರುತ್ತದೆ, ನಗೆಚಾಟಿಕೆ ಬರುತ್ತದೆ. ಬೆಳತನಕ ನಡೆಯುತ್ತದೆ. ಸುಮ್ಮನೆ ಸುತ್ತಾಡಿ ಸವಾಲಿಗೆ ಜವಾಬು ಕೊಡದೆ ಜಾರಿಕೊಂಡ ಮೇಳವನ್ನು ಕೂತ ಮಂದಿ ಬಿಡುತ್ತಾರಾ? ಸಿಳ್ಳು ಹೊಡೆದು ಎಬ್ಬಿಸುತ್ತಾರೆ. ಅಂದರೆ ಅಲೆದಾಟ ಬೇಕು, ತರ್ಕವೂ ತಪ್ಪಬಾರದು. ಜಾನ್ಸನ್ ಒಂದರ ಕೆಳಗೊಂದು ಬರೆದ ಎರಡು ಅರ್ಥಗಳನ್ನು ನಮ್ಮವರು ಒಂದೇ ದಪ್ಪಿನ ಮೇಲೆ ಬಾರಿಸುತ್ತಾರೆ.

ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಕೂಡಿ ಊರೂರು ತಿರುಗಿ ಬೀಸುಕಲ್ಲಿನ ಮುಂದಿನ ಪದಗಳನ್ನು ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು' ಪುಸ್ತಕ ಬಂದದ್ದು ಆ ತಿರುಗಾಟದಿಂದ. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ತಾಡೋಲೆ ಹುಡುಕುತ್ತಾ ಮನೆ ಮನೆ ಅಲೆದರು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚು ಹಾಕಿಸಿದರು. ಕಾಲಲ್ಲಿ ವಿಚರಿಸಿದ್ದು, ತಲೆಯಲ್ಲಿ ವಿಚಾರಿಸಿದ್ದು, ಎರಡೂ ಒಬ್ಬನೇ ಮನುಷ್ಯನ ಕೆಲಸ. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರ 'ಮಾರ್ಗ' ಸಂಪುಟಗಳನ್ನು ತೆಗೆದು ನೋಡಿ. ಶಾಸನದಿಂದ ಊರ ಹೆಸರಿಗೆ, ಊರ ಹೆಸರಿನಿಂದ ಒಂದು ವಚನಕ್ಕೆ... ಓಟ ಎಲ್ಲೆಲ್ಲಿಗೋ, ಆದರೆ ಕಾಲು ನೆಲ ಬಿಟ್ಟಿಲ್ಲ. ಅಂಥವರ ಮಾತಿಗೆ ಮಾತಿನಲ್ಲಿ ಜವಾಬು ಕೊಡಲಾಗದವರು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಗುಂಡು ಹಾರಿಸಿ ಕೊಂದರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಇನ್ನು ಬಾಗೇವಾಡಿ. ಬಸವಣ್ಣ ಹುಟ್ಟಿದ ಊರು ಅಂತ ಬೋರ್ಡು ಹಾಕುತ್ತೇವೆ, ಕಮಾನು ಕಟ್ಟುತ್ತೇವೆ. ಕಲ್ಯಾಣದಲ್ಲಿ ಆ ಶರಣರು ಕೂತು ಮಾಡಿದ್ದೇನು? ಚರ್ಚೆ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ 'ಶೂನ್ಯಸಂಪಾದನೆ' ಕಟ್ಟಿದಾಗ ಬಿಡಿ ವಚನಗಳನ್ನು ಪ್ರಶ್ನೆ, ಉತ್ತರ, ಮರುಪ್ರಶ್ನೆ ಅಂತ ಪೋಣಿಸಿದ. ಅಲ್ಲಮ ಬಂದ, ಕೇಳಿದ, ಹೊರಟ, ಮತ್ತೊಬ್ಬರ ಹತ್ತಿರ ಹೋದ. ಅವನ ತಿರುಗಾಟವೇ ಆ ಕೃತಿಯ ತರ್ಕ. ಅದನ್ನು ಯಾರಾದರೂ ಅಸಂಬದ್ಧ ಅಂತ ಬರೆದು ನೋಡಲಿ!

ಈಗ ನನ್ನ ಮೇಲೆ ಬರುವ ಬಾಣ ಯಾವುದು ಅಂತ ಗೊತ್ತು. "ಹಂಗಾದರೆ ಹರಟೆ ಹೊಡೆಯುವವರೆಲ್ಲ ತಾರ್ಕಿಕರೇ? ಚುನಾವಣೆ ಭಾಷಣವೂ ವಿಚಾರವೇ?" ಖಂಡಿತಾ ಅಲ್ಲ. ಜೊಳ್ಳು ಮಾತು ಬೇಕಾದಷ್ಟಿದೆ, ನಮ್ಮ ನಾಲ್ಕು ತಾಲೂಕಿನಲ್ಲೂ ಇದೆ, ಅದಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ಆದರೆ ಜೊಳ್ಳು ಯಾವುದು ಕಾಳು ಯಾವುದು ಅಂತ ನೋಡಲು ಒಂದು ಸರಳ ಪರೀಕ್ಷೆ ಇದೆ. ಮಾತಿನ ನಡುವಿನ ಒಂದು ತುಂಡನ್ನು ಕಿತ್ತುಹಾಕಿ. ಕೊನೆಯ ತೀರ್ಮಾನ ಅಲುಗಾಡದೆ ನಿಂತರೆ ಅದು ಹರಟೆ. ಕುಸಿದರೆ ಅದು ಕಂಬ. ಮಾಮಾನ ಮಾತಿನಿಂದ ಎತ್ತನ್ನು ಕಿತ್ತು ನೋಡಿ, ಅರ್ಧ ಬಾವಿ ಹೋಗುತ್ತದೆ. ಈ ಪರೀಕ್ಷೆ ಮಾಡಲು ಪೂರ್ತಿ ಕೇಳಬೇಕು. ಮಧ್ಯದಲ್ಲೇ ಕೈ ಮುಂದೆ ಮಾಡಿ "ಪಾಯಿಂಟಿಗೆ ಬಾ" ಅಂದವನಿಗೆ ಯಾವುದು ಕಂಬ ಅಂತ ಹೇಗೆ ಗೊತ್ತಾಗಬೇಕು? ಅಸಂಬದ್ಧ ಅಂದರೆ ಸಂಬಂಧ ಇಲ್ಲದ್ದು. ಸಂಬಂಧ ತನಗೆ ಕಾಣಲಿಲ್ಲ ಅನ್ನುವುದನ್ನು ಸಂಬಂಧವೇ ಇಲ್ಲ ಅಂತ ಬರೆಯುವುದು ಮಾತ್ರ ಯಾವ ತರ್ಕ?

ಹಾಗೆ ನೋಡಿದರೆ ಹರಟೆಗೂ ನಾವು ಅನ್ಯಾಯ ಮಾಡಿದ್ದೇವೆ. ಎ.ಎನ್. ಮೂರ್ತಿರಾಯರು ಆರಾಮಾಗಿ ಕೂತು ಮಾತಾಡಿದ ಹಾಗೆ ಪ್ರಬಂಧ ಬರೆದವರು. ಅದೇ ಮೂರ್ತಿರಾಯರು 1991ರಲ್ಲಿ 'ದೇವರು' ಬರೆದರು. ದೇವರಿದ್ದಾನೆಯೇ ಅನ್ನುವ ಪ್ರಶ್ನೆಯನ್ನು ಎದುರುಮನೆಯವರ ಜೊತೆ ಮಾತಾಡಿದ ಧಾಟಿಯಲ್ಲೇ ತರ್ಕದ ಒರೆಗೆ ಹಚ್ಚಿದರು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಆ ಧಾಟಿ ತರ್ಕಕ್ಕೆ ಅಡ್ಡ ಬರಲಿಲ್ಲ. ನಾವು ಇಲ್ಲಿ ಬರೆಯುವವರೆಲ್ಲ ಅದೇ ಜಾತಿಯವರು ತಾನೇ? ಅಡುಗೆಯಿಂದ ಶುರು ಮಾಡಿ ರಾಜಕೀಯಕ್ಕೆ ಹೋಗುತ್ತೇವೆ. ನಮ್ಮದೇ ಬರವಣಿಗೆಗೆ ಯಾರಾದರೂ ಈ ವಿಶೇಷಣ ಅಂಟಿಸಿದರೆ ಬೈಗುಳ ಅಂತ ತಿಳಿಯಬೇಡಿ, ಯಾವ ಅರ್ಥದಲ್ಲಿ ಅಂತ ಕೇಳಿ.

ವಿಮರ್ಶಕರಿಗೂ ಒಂದು ಮಾತು, ಚಿಕ್ಕದಾಗಿ. 1969ರಲ್ಲಿ ಫೂಕೋ 'ಜ್ಞಾನದ ಪುರಾತತ್ತ್ವ' ಬರೆದ ಮೇಲೆ ಈ ಶಬ್ದಕ್ಕೆ ಮೂರನೇ ಅರ್ಥ ಗಟ್ಟಿಯಾಯಿತು: ಒಂದು ಕಾಲದಲ್ಲಿ ಯಾರು ಏನನ್ನು ಮಾತಾಡಬಹುದು, ಯಾವುದು ಮಾತು ಅನ್ನಿಸಿಕೊಳ್ಳುತ್ತದೆ ಅನ್ನುವ ಏರ್ಪಾಡಿಗೆ ಸಂಬಂಧಪಟ್ಟದ್ದು. ಕನ್ನಡದಲ್ಲಿ 'ಸಂಕಥನ' ಅಂತ ಒಳ್ಳೇ 'ಶಬ್ದ ಬಂದು ಕೂತಿದೆ. ಆದರೂ ಸೆಮಿನಾರುಗಳಲ್ಲಿ 'ಡಿಸ್ಕರ್ಸಿವ್ ಫಾರ್ಮೇಷನ್ನಿನ ನೆಲೆಯಲ್ಲಿ' ಅಂತ ಶುರುವಾದರೆ ಊಟದ ಬೆಲ್ಲು ಹೊಡೆಯುವವರೆಗೂ ನಿಲ್ಲುವುದಿಲ್ಲ. ತಮಾಷೆ ಏನು ಗೊತ್ತಾ? ಮಾಮಾನಂಥವರ ಮಾತು ಕಚೇರಿಯಲ್ಲಿ ಯಾಕೆ ಮಾತೇ ಆಗುವುದಿಲ್ಲ ಅನ್ನುವುದನ್ನು ಫೂಕೋನ ಈ ಮೂರನೇ ಅರ್ಥ ಚೆನ್ನಾಗಿ ಬಿಡಿಸಿ ಹೇಳುತ್ತದೆ. ಆ ಸೆಮಿನಾರಿನಲ್ಲಿ ಕೂತ ಮಾಮಾನಂಥವರಿಗೆ ಅದು ತಿಳಿಯದ ಹಾಗೆ ಹೇಳುವ ಹಟ ಯಾಕೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಅಲೆದಾಟ ಅಂತ ಹೇಳಬೇಕಾದಾಗ 'ಸುತ್ತಿ ಬಳಸಿದ' ಅನ್ನಿ. ತರ್ಕ ಅಂತ ಹೇಳಬೇಕಾದಾಗ 'ವಿಚಾರಸರಣಿಯ' ಅನ್ನಿ. ಫೂಕೋನ ಅರ್ಥ ಬೇಕಾದಾಗ 'ಸಂಕಥನದ' ಅನ್ನಿ. ಮೂರರಲ್ಲಿ ಯಾವುದು ಅಂತ ಗೊತ್ತಾಗದಿದ್ದರೆ ಮೂಲ ಬರೆದವರನ್ನೇ ವಿಚಾರಿಸಿ. 'ಅಸಂಬದ್ಧ'ವನ್ನು ಮಾತ್ರ ಈ ಶಬ್ದದ ಹತ್ತಿರ ಸುಳಿಯಲು ಬಿಡಬೇಡಿ.

ಇದನ್ನು ಈಗಲೇ ಬರೆಯಲು ಕಾರಣ ಇದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲೇ ಎರಡನೇ ಕೃಷ್ಣಾ ನ್ಯಾಯಮಂಡಳಿ ಒಪ್ಪಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮೂರನೇ ಹಂತದ ಮುಳುಗಡೆ ಜಮೀನಿಗೆ ದರ ಗೊತ್ತುಮಾಡಿತು: ನೀರಾವರಿ ಜಮೀನಾದರೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ. ನಡುವಿನ ಅಂತರ ಎಕರೆಗೆ 10 ಲಕ್ಷ. ಉತಾರದಲ್ಲಿ ನಮೂದಾಗದ ಬಾವಿ, ಕೊಳವೆಬಾವಿ ಹೊಳೆದಂಡೆಯಲ್ಲಿ ಇನ್ನೂ ಎಷ್ಟೋ ಇವೆ. ಅವು ಯಾವಾಗ ತೆಗೆಸಿದ್ದು, ಯಾರ ಪಾಲಿನವು ಅಂತ ಮತ್ತೆ ಕೇಳುತ್ತಾರೆ. ಯಾರೋ ಒಬ್ಬರು ಮತ್ತೆ ಬರದಿಂದಲೋ, ಅವ್ವನಿಂದಲೋ, ಎತ್ತಿನಿಂದಲೋ ಶುರು ಮಾಡುತ್ತಾರೆ. ಜಬಾನಿ ಬರೆದುಕೊಳ್ಳುವ ಕೆಲಸದಲ್ಲಿ, ಅದನ್ನು ಅನುವಾದ ಮಾಡುವ ಕೆಲಸದಲ್ಲಿ ನಿಮ್ಮ ಪೈಕಿ ಯಾರಾದರೂ ಇದ್ದರೆ, ಅಥವಾ ನಿಮ್ಮ ಅಣ್ಣನೋ ಅಕ್ಕನೋ ಇದ್ದರೆ, ಎತ್ತು ಮಾರಿದ್ದು ಯಾವ ಜಾತ್ರೆಯಲ್ಲಿ, ಪಾವತಿ ಯಾರ ಹತ್ತಿರ ಇದೆ ಅಂತ ಅವತ್ತೇ ಕೇಳಿ ಬರೆದುಕೊಳ್ಳಲು ಹೇಳಿ.